ತೆರಿಗೆ ಇಳಿಸಿದರೆ ಆರ್ಥಿಕತೆ ಬೆಳೆಯುತ್ತದೆ ಅನ್ನುವ ವಾದ: ಗಟ್ಟಿ ಎಷ್ಟು, ಜೊಳ್ಳು ಎಷ್ಟು?

ಹೊಸಹಾಳೆ:
ತೆರಿಗೆ ಇಳಿಸಿ, ಸರ್ಕಾರದ ಗಾತ್ರ ಕುಗ್ಗಿಸಿ, ಬೆಳವಣಿಗೆ ತಾನಾಗಿ ಬರುತ್ತದೆ ಅನ್ನುವ ಮುಕ್ತ ಮಾರುಕಟ್ಟೆಯವರ ವಾದದ ಮೇಲೆ ಒಂದು ಚರ್ಚಾಕೂಟಕ್ಕೆ ಟಿಪ್ಪಣಿ ಮಾಡಬೇಕಿದೆ. ಪರ ಮಾತಾಡುವವರು ಅಮೆರಿಕದ ಅಧ್ಯಕ್ಷರಾಗಿದ್ದ ರೇಗನ್, ಹಾಂಗ್‌ಕಾಂಗ್, ಎಸ್ಟೋನಿಯಾ ಅಂತಾರೆ. ವಿರೋಧಿಸುವವರು ಡೆನ್ಮಾರ್ಕ್, ಸ್ವೀಡನ್, ಅಮೆರಿಕದ ಕ್ಯಾನ್ಸಸ್ ರಾಜ್ಯ ಅಂತಾರೆ. ಇಬ್ಬರೂ ತಮಗೆ ಬೇಕಾದ ದೇಶ ಹಿಡಿದು ಕೂತರೆ ಮಾತು ಮುಂದೆ ಸಾಗಲ್ಲ.

ನನಗೆ ಬೇಕಿರುವುದು ಎರಡು. ಈ ವಾದದಲ್ಲಿ ಲೆಕ್ಕಕ್ಕೆ ನಿಲ್ಲುವ ಭಾಗ ಯಾವುದು? ಯಾವುದಾದರೂ ಸರ್ಕಾರ ತೆರಿಗೆ ಕಡಿತ ಘೋಷಿಸಿದಾಗ ಅದು ಬೆಳವಣಿಗೆಗೆ ಕೆಲಸ ಮಾಡುತ್ತದೋ ಇಲ್ಲವೋ ಎಂದು ಹೇಗೆ ಪರೀಕ್ಷಿಸುವುದು? ಗೊತ್ತಿದ್ದವರು ಬಿಡಿಸಿ ಬರೆಯಿರಿ.

ಮುಕ್ತಪೇಟೆ:
ಗಟ್ಟಿ ಭಾಗ ಒಂದೇ ಸಾಲಿನದು: ಮುಂದಿನ 100 ಗಳಿಸಿದರೆ ಕೈಯಲ್ಲಿ ಉಳಿಯುವುದೆಷ್ಟು? ಭಾರತದಲ್ಲಿ 1973-74ರಲ್ಲಿ ಗರಿಷ್ಠ ಆದಾಯ ತೆರಿಗೆ 85%, ಆ ತೆರಿಗೆ ಮೊತ್ತದ ಮೇಲೆ 15% ಸರ್ಚಾರ್ಜ್, ಒಟ್ಟು 97.75%. ಮೇಲಿನ ಸ್ಲ್ಯಾಬಿನವರಿಗೆ 100ರಲ್ಲಿ ಉಳಿಯುತ್ತಿದ್ದದ್ದು 2.25. ಆ ಮಟ್ಟದಲ್ಲಿ ಯಾರೂ ಇನ್ನೊಂದು ಕಾರ್ಖಾನೆ ಕಟ್ಟಲ್ಲ, ಲೆಕ್ಕ ಬಚ್ಚಿಡುವ ದಾರಿ ಹುಡುಕುತ್ತಾರೆ. ನೇರ ತೆರಿಗೆಗಳ ಬಗ್ಗೆ ಸರ್ಕಾರ ನೇಮಿಸಿದ್ದ ವಾಂಛೂ ಸಮಿತಿ 1971ರಲ್ಲೇ ಇದನ್ನು ಹೇಳಿತ್ತು. ಮರುವರ್ಷ, 1974-75ರಲ್ಲಿ, ದರ 77%ಕ್ಕೆ ಇಳಿಯಿತು.

ಸಮಪಾಲು:
97ರಿಂದ 77ಕ್ಕೆ ಇಳಿಸುವುದು ಸರಿ ಎಂದು ಒಪ್ಪಲು ಯಾರಿಗೂ ಕಷ್ಟವಿಲ್ಲ. ಆದರೆ ಅದೇ ಉದಾಹರಣೆ ಹಿಡಿದು 35ರಿಂದ 25ಕ್ಕೆ ಇಳಿಸಿದರೂ ಅಷ್ಟೇ ಲಾಭ ಅಂತ ಮಾರಲು ಹೊರಡುತ್ತೀರಲ್ಲ, ತಕರಾರು ಇರುವುದು ಅಲ್ಲಿ.

ಕೂಡುಕಳೆ:
ಸಮಪಾಲು ಅವರ ಮಾತಿಗೆ ಲೆಕ್ಕದ ಆಧಾರ ಇದೆ. ತೆರಿಗೆಯಿಂದ ಆಗುವ ನಿವ್ವಳ ನಷ್ಟ, ಅಂದರೆ ಬೊಕ್ಕಸಕ್ಕೂ ಬರದೆ ಜನರ ಕೈಗೂ ಸಿಗದೆ ಹಾಳಾಗುವ ಮೊತ್ತ, ದರದ ವರ್ಗಕ್ಕೆ (ದರ × ದರ) ತಕ್ಕಂತೆ ಏರುತ್ತದೆ. ಅರ್ಥಶಾಸ್ತ್ರದಲ್ಲಿ ಹಾರ್ಬರ್ಗರ್ ತ್ರಿಕೋನ ಅನ್ನುವುದು ಇದನ್ನೇ. ಸೂತ್ರ: ಅರ್ಧ × ಸ್ಪಂದನೆಯ ಗುಣಾಂಕ (ತೆರಿಗೆಗೆ ಜನ ಎಷ್ಟು ಪ್ರತಿಕ್ರಿಯಿಸುತ್ತಾರೆ ಎಂಬ ಅಳತೆ) × ತಳಹದಿ (ತೆರಿಗೆ ಬೀಳುವ ಒಟ್ಟು ಮೊತ್ತ) × ದರದ ವರ್ಗ.

ತಳಹದಿ 100, ಗುಣಾಂಕ 0.4 ಅಂದುಕೊಳ್ಳಿ. ದರ 10% ಇದ್ದಾಗ ನಷ್ಟ 0.2. ದರ 20% ಆದರೆ 0.8. 40% ಆದರೆ 3.2. 60% ಆದರೆ 7.2. ದರ ದುಪ್ಪಟ್ಟಾದರೆ ನಷ್ಟ ನಾಲ್ಕು ಪಟ್ಟು. ಆದ್ದರಿಂದ ಮೇಲಿನ ತುದಿಯಲ್ಲಿ ಹತ್ತು ಅಂಕ ಇಳಿಸುವುದಕ್ಕೂ ಕೆಳಗಿನ ತುದಿಯಲ್ಲಿ ಹತ್ತು ಅಂಕ ಇಳಿಸುವುದಕ್ಕೂ ಅಜಗಜಾಂತರ.

ಇದೇ ಸೂತ್ರ ಮುಕ್ತಪೇಟೆಯವರ ಇನ್ನೊಂದು ವಾದಕ್ಕೂ ಬಲ ಕೊಡುತ್ತದೆ. ಸಮಾನ ಗಾತ್ರದ ಎರಡು ಸರಕುಗಳಿವೆ. ಒಂದಕ್ಕೆ 40%, ಇನ್ನೊಂದಕ್ಕೆ ಪೂರ್ತಿ ವಿನಾಯಿತಿ ಕೊಟ್ಟರೆ ನಷ್ಟ 3.2. ಎರಡಕ್ಕೂ 20% ಹಾಕಿದರೆ 0.8 ಮತ್ತು 0.8, ಒಟ್ಟು 1.6. ಹೆಚ್ಚುಕಡಿಮೆ ಅಷ್ಟೇ ವಸೂಲಿ, ಅರ್ಧ ನಷ್ಟ. ತಳಹದಿ ಅಗಲ ಮಾಡಿ ದರ ಇಳಿಸಿ ಅನ್ನುವ ಸಲಹೆಯ ಬೇರು ಇಲ್ಲಿದೆ.

ಮಿತಭಾಷಿ:
ಈ ಒಂದು ಲೆಕ್ಕ ಗೊತ್ತಿಲ್ಲದೆ ಟಿವಿಯಲ್ಲಿ ಗಂಟೆಗಟ್ಟಲೆ ಕಿರುಚಾಡ್ತಾರೆ.

ಬೊಕ್ಕಸಲೆಕ್ಕ:
ಹೊಸಹಾಳೆ ಅವರೇ, ಪರೀಕ್ಷೆ ಶುರು ಮಾಡಬೇಕಾದದ್ದು ಒಂದು ಪ್ರಶ್ನೆಯಿಂದ: ಇಳಿದಿರುವುದು ಸರಾಸರಿ ದರವೋ (ಒಟ್ಟು ಆದಾಯದಲ್ಲಿ ತೆರಿಗೆಯ ಪಾಲು) ಮಾರ್ಜಿನಲ್ ದರವೋ (ಮುಂದಿನ ಗಳಿಕೆಯ ಮೇಲೆ ಬೀಳುವ ದರ)? ಹತ್ತರಲ್ಲಿ ಒಂಬತ್ತು ಚರ್ಚೆಗಳು ಇದನ್ನು ಕೇಳದೆಯೇ ಮುಗಿಯುತ್ತವೆ.

ಉದಾಹರಣೆಗೆ ಒಬ್ಬರ ಆದಾಯ 1,000. ಮೊದಲ 200ಕ್ಕೆ ತೆರಿಗೆ ಇಲ್ಲ, ಉಳಿದದ್ದಕ್ಕೆ 20%. ಕಟ್ಟುವುದು 160. ಈಗ ಸರ್ಕಾರ ವಿನಾಯಿತಿ ಮಿತಿಯನ್ನು 300ಕ್ಕೆ ಏರಿಸಿತು. ತೆರಿಗೆ 140 ಆಯಿತು, 20 ಉಳಿಯಿತು. ಆದರೆ ಅವರು ಮುಂದೆ 100 ಹೆಚ್ಚು ದುಡಿದರೆ ಮೊದಲಿನಂತೆಯೇ 80 ಸಿಗುತ್ತದೆ. ಮಿತಿ ಮುಟ್ಟದೆ ದರವನ್ನು 17.5%ಕ್ಕೆ ಇಳಿಸಿದರೂ ತೆರಿಗೆ 140ಕ್ಕೇ ಬರುತ್ತದೆ, ಉಳಿತಾಯ ಅದೇ 20. ಆದರೆ ಈಗ ಮುಂದಿನ 100ಕ್ಕೆ 82.5 ಸಿಗುತ್ತದೆ. ಬೊಕ್ಕಸಕ್ಕೆ ಈ ವ್ಯಕ್ತಿಯಿಂದ ಆಗುವ ಖೋತಾ ಎರಡರಲ್ಲೂ ಒಂದೇ, ದುಡಿಮೆಯ ಮೇಲಿನ ಪ್ರಭಾವ ಬೇರೆ. ಮೊದಲನೆಯದು ಜನಪ್ರಿಯ, ಎರಡನೆಯದು ಬೆಳವಣಿಗೆಯ ಲೆಕ್ಕದಲ್ಲಿ ಮುಖ್ಯ. ಸುದ್ದಿಯಲ್ಲಿ ಎರಡಕ್ಕೂ ತೆರಿಗೆ ಕಡಿತ ಎಂಬ ಒಂದೇ ಹೆಸರು.

ತಕ್ಕಡಿ:
ಅಲ್ಲಿಗೇ ನಿಲ್ಲಿಸಬೇಡಿ ಸರ್. ಅತಿ ಹೆಚ್ಚು ಮಾರ್ಜಿನಲ್ ದರ ಕಟ್ಟುವವರು ಶ್ರೀಮಂತರು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಬಹಳ ದೇಶಗಳಲ್ಲಿ ಅದು ನಿಜವಲ್ಲ. ಆದಾಯ ಏರಿದಂತೆ ಕರಗುವ ಸಹಾಯಧನ ಪಡೆಯುವವರ ಲೆಕ್ಕ ನೋಡಿ. 100 ಹೆಚ್ಚು ಗಳಿಸಿದರೆ ಆದಾಯ ತೆರಿಗೆ 20, ಸಾಮಾಜಿಕ ಭದ್ರತೆಯ ವಂತಿಗೆ 10, ಜೊತೆಗೆ ಸಹಾಯಧನದಲ್ಲಿ 40 ಕಡಿತ ಅಂತಿಟ್ಟುಕೊಳ್ಳಿ. ಉಳಿದದ್ದು 30. ಆ 30ರಲ್ಲಿ ಸಾಮಾನು ಕೊಂಡರೆ 15% ಬಳಕೆ ತೆರಿಗೆ ಕಳೆದು ಕೈಗೆ ಸಿಗುವ ಸರಕಿನ ಬೆಲೆ 26. ಪರಿಣಾಮದಲ್ಲಿ 74% ತೆರಿಗೆ. ಬೆಳವಣಿಗೆ, ದುಡಿಮೆಯ ಉತ್ಸಾಹ ಅಂತ ಮಾತಾಡುವವರು ಮೊದಲು ಸರಿಪಡಿಸಬೇಕಾದದ್ದು ಇದನ್ನು. ಮೇಲಿನ ಸ್ಲ್ಯಾಬಿನ ಬಗ್ಗೆ ಇಷ್ಟೊಂದು ಮಾತು, ಇದರ ಬಗ್ಗೆ ಮೌನ ಯಾಕೆ?

ಮುಕ್ತಪೇಟೆ:
ಮೌನ ಇಲ್ಲ ತಕ್ಕಡಿಯವರೇ. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಋಣಾತ್ಮಕ ಆದಾಯ ತೆರಿಗೆಯನ್ನು (ಕಡಿಮೆ ಆದಾಯದವರಿಗೆ ಸರ್ಕಾರವೇ ಹಣ ಕೊಡುವುದು) 1962ರಲ್ಲಿ ಮುಂದಿಟ್ಟದ್ದೇ ಈ ಬಲೆಯನ್ನು ಸಡಿಲಿಸಲು. ಬೇರೆ ಬೇರೆ ಇಲಾಖೆಗಳ ಸಹಾಯಧನ ತೆಗೆದು ಒಂದೇ ಪಾವತಿ, ಒಂದೇ ನಿಧಾನಗತಿಯ ಕಡಿತ ದರ.

ತಕ್ಕಡಿ:
ಹೌದು, ಆದರೆ ಕಡಿತ ನಿಧಾನ ಮಾಡಿದಷ್ಟೂ ಸಹಾಯ ಪಡೆಯುವವರ ವ್ಯಾಪ್ತಿ ಮೇಲಕ್ಕೆ ಹಿಗ್ಗುತ್ತದೆ, ಖರ್ಚು ಏರುತ್ತದೆ. ಕನಿಷ್ಠ ಮೊತ್ತ 300, ಕಡಿತ 50% ಇದ್ದರೆ ಸಹಾಯ 600 ಆದಾಯದವರೆಗೆ ಹೋಗುತ್ತದೆ. ಕಡಿತ 30% ಮಾಡಿದರೆ 1,000ದವರೆಗೆ. ಖರ್ಚಿಗೆ ಹಣ ಯಾರದ್ದೋ ಮಾರ್ಜಿನಲ್ ದರ ಏರಿಸಿಯೇ ಬರಬೇಕು. ಪುಕ್ಕಟೆ ದಾರಿ ಇಲ್ಲಿ ಇಲ್ಲ.

ಸಮಪಾಲು:
ತೆರಿಗೆ ದರಕ್ಕೂ ವಸೂಲಿಗೂ ಇರುವ ಸಂಬಂಧ ತೋರಿಸುವ ಲಾಫರ್ ರೇಖೆಗೆ ಬರೋಣ. ದರ ಇಳಿಸಿದರೆ ವಸೂಲಿ ಹೆಚ್ಚುತ್ತದೆ ಅನ್ನುವ ಮಾತೇ ಈ ಇಡೀ ಪ್ರಚಾರದ ಬೆನ್ನೆಲುಬು. ಅಮೆರಿಕದಲ್ಲಿ 1981ರ ಕಾನೂನು ಗರಿಷ್ಠ ದರವನ್ನು 70ರಿಂದ 50ಕ್ಕೆ ಇಳಿಸಿತು. ಮರುವರ್ಷವೇ, 1982ರಲ್ಲಿ, ಕೊರತೆ ನೋಡಿ ಬೇರೆ ತೆರಿಗೆಗಳನ್ನು ಏರಿಸಬೇಕಾಯಿತು. ರೇಗನ್ ಅವಧಿ ಮುಗಿಯುವ ಹೊತ್ತಿಗೆ ಕೇಂದ್ರ ಸರ್ಕಾರದ ಸಾಲ ಹೆಚ್ಚುಕಡಿಮೆ ಮೂರು ಪಟ್ಟಾಗಿತ್ತು. 2017ರ ಕಾನೂನು ಕಾರ್ಪೊರೇಟ್ ದರವನ್ನು 35ರಿಂದ 21ಕ್ಕೆ ಇಳಿಸಿದಾಗ ಅಮೆರಿಕ ಸಂಸತ್ತಿನ ಜಂಟಿ ತೆರಿಗೆ ಸಮಿತಿಯೇ ಲೆಕ್ಕ ಹಾಕಿತು: ಆ ಕಾನೂನಿನಿಂದ ಹತ್ತು ವರ್ಷದಲ್ಲಿ ಖೋತಾ ಸುಮಾರು 1.46 ಲಕ್ಷ ಕೋಟಿ ಡಾಲರ್, ಬೆಳವಣಿಗೆಯಿಂದ ಮರಳಿ ಬರುವುದನ್ನು ಸೇರಿಸಿದ ಮೇಲೂ ಸುಮಾರು 1.07 ಲಕ್ಷ ಕೋಟಿ. ಆ ಅಂದಾಜಿನಲ್ಲಿ ಕಾಲು ಭಾಗಕ್ಕೆ ಸ್ವಲ್ಪ ಹೆಚ್ಚು ಮರಳುತ್ತದೆ, ಪೂರ್ತಿ ಅಲ್ಲ.

ಮುಕ್ತಪೇಟೆ:
ಕಾಲು ಭಾಗ ಮರಳುತ್ತದೆ ಅನ್ನುವುದೇ ದೊಡ್ಡ ವಿಷಯ. ಅಷ್ಟೂ ಹಣ ಹೊಸ ಉತ್ಪಾದನೆಯಿಂದ ಬರುವಂಥದ್ದು. ವಸೂಲಿ ಏರಲೇಬೇಕು ಅನ್ನುವ ಅಳತೆಗೋಲನ್ನು ನಮ್ಮ ಮೇಲೆ ಯಾಕೆ ಹೊರಿಸುತ್ತೀರಿ? ಬೊಕ್ಕಸ ತುಂಬಿಸುವುದು ಗುರಿಯೇ ಅಲ್ಲ. ಜನರ ದುಡಿಮೆ ಜನರ ಬಳಿ ಉಳಿಯುವುದು ಗುರಿ.

ಕೂಡುಕಳೆ:
ಲಾಫರ್ ರೇಖೆಯ ತುದಿ ಎಲ್ಲಿದೆ ಎಂದು ಅಂದಾಜು ಮಾಡಲು ಒಂದು ಚಿಕ್ಕ ಸೂತ್ರ ಇದೆ. ಮೇಲಿನ ಆದಾಯದವರಿಗೆ ವಸೂಲಿ ಗರಿಷ್ಠವಾಗುವ ದರ = 1 ÷ (1 + a × e). ಇಲ್ಲಿ a ಅಂದರೆ ಮೇಲ್ತುದಿಯ ಆದಾಯ ಎಷ್ಟು ದಟ್ಟವಾಗಿದೆ ಎಂಬುದರ ಅಳತೆ, ಅಮೆರಿಕಕ್ಕೆ ಸುಮಾರು 1.5. e ಅಂದರೆ ಕೈಗೆ ಉಳಿಯುವ ಪಾಲು 1% ಹೆಚ್ಚಾದರೆ ಘೋಷಿತ ಆದಾಯ ಎಷ್ಟು ಶೇಕಡಾ ಹೆಚ್ಚುತ್ತದೆ ಎಂಬುದು.

e = 0.25 ಹಾಕಿದರೆ 73% ಬರುತ್ತದೆ. ಅರ್ಥಶಾಸ್ತ್ರಜ್ಞರಾದ ಡೈಮಂಡ್ ಮತ್ತು ಸೇಝ್ ಅವರ ಹೆಸರಿನಲ್ಲಿ ಓಡಾಡುವ ಸಂಖ್ಯೆ ಇದೇ. e = 0.5 ಆದರೆ 57%. e = 1 ಆದರೆ 40%. ಜಗಳ ಪೂರ್ತಿ ನಿಂತಿರುವುದು ಆ ಒಂದು ಅಕ್ಷರದ ಮೇಲೆ.

ಎಚ್ಚರ ಬೇಕಾದ ಜಾಗ: ಈ ದರದಲ್ಲಿ ಆದಾಯ ತೆರಿಗೆ, ಸಾಮಾಜಿಕ ವಂತಿಗೆ, ಬಳಕೆ ತೆರಿಗೆ ಎಲ್ಲವೂ ಸೇರಿವೆ. ಬರೀ ಆದಾಯ ತೆರಿಗೆಯನ್ನು ಈ 73ರ ಪಕ್ಕ ಇಟ್ಟು ಇನ್ನೂ ಬೇಕಾದಷ್ಟು ಏರಿಸಬಹುದು ಅನ್ನುವುದು ಪದೇ ಪದೇ ಆಗುವ ಎಡವಟ್ಟು. ಇನ್ನೊಂದು, e ಸ್ಥಿರವಲ್ಲ. ಕಾನೂನಿನಲ್ಲಿ ತೂತು ಜಾಸ್ತಿ ಇದ್ದಷ್ಟೂ e ಜಾಸ್ತಿ. ತೂತು ಮುಚ್ಚಿದರೆ ದರ ಮುಟ್ಟದೆಯೇ ವಸೂಲಿ ಏರುತ್ತದೆ.

ಬೊಕ್ಕಸಲೆಕ್ಕ:
ಅದಕ್ಕೆ ಸೇರಿಸುವುದು: e ಅಳೆಯುವವರು ಸಾಮಾನ್ಯವಾಗಿ ದರ ಬದಲಾದ ಮೂರ್ನಾಲ್ಕು ವರ್ಷದ ಲೆಕ್ಕ ನೋಡುತ್ತಾರೆ. ಯಾವ ಓದು ಆರಿಸಬೇಕು, ಕಂಪನಿ ಕಟ್ಟಬೇಕೋ ಬೇಡವೋ, ಯಾವ ದೇಶದಲ್ಲಿ ನೆಲೆಸಬೇಕು ಎಂಬ ನಿರ್ಧಾರಗಳು ಅಷ್ಟು ಬೇಗ ಕಾಣಲ್ಲ. ಆ ಕಡೆಯಿಂದ ನೋಡಿದರೆ ನಿಜವಾದ e ಇನ್ನೂ ದೊಡ್ಡದು. ಇನ್ನೊಂದು ಕಡೆ, ದರ ಇಳಿಯುವುದು ಮೊದಲೇ ಗೊತ್ತಿದ್ದರೆ ಜನ ಬೋನಸ್ಸು, ಷೇರು ಮಾರಾಟದ ಲಾಭ ಎಲ್ಲವನ್ನೂ ಮುಂದಿನ ವರ್ಷಕ್ಕೆ ತಳ್ಳುತ್ತಾರೆ. ಆಗ e ಇಲ್ಲದ್ದು ಇದ್ದಂತೆ ಉಬ್ಬಿ ಕಾಣುತ್ತದೆ. ಮೊದಲ ವರ್ಷದ ವಸೂಲಿ ನೋಡಿ ಗೆದ್ದೆವು ಅಥವಾ ಸೋತೆವು ಅನ್ನುವವರ ಮಾತು ಬದಿಗಿಡಿ.

ಗಡಿಯಾಚೆ:
ಕ್ಯಾನ್ಸಸ್ ಬಗ್ಗೆ ಎಲ್ಲರೂ ಹೆಸರು ಹೇಳುತ್ತಾರೆ, ಏನು ಕೆಟ್ಟಿತು ಎಂದು ಹೇಳುವುದಿಲ್ಲ. 2012ರಲ್ಲಿ ಗವರ್ನರ್ ಬ್ರೌನ್‌ಬ್ಯಾಕ್ ಸಹಿ ಮಾಡಿದ ಕಾನೂನು ಎರಡು ಕೆಲಸ ಮಾಡಿತು. ಗರಿಷ್ಠ ದರವನ್ನು 6.45ರಿಂದ 4.9ಕ್ಕೆ ಇಳಿಸಿತು. ಮಾಲೀಕರ ಖಾತೆಗೆ ನೇರ ಹೋಗುವ ವ್ಯಾಪಾರದ ಆದಾಯಕ್ಕೆ ರಾಜ್ಯದ ತೆರಿಗೆಯನ್ನು ಸೊನ್ನೆ ಮಾಡಿತು. ಎಡವಿದ್ದು ಈ ಎರಡನೆಯದರಲ್ಲಿ. ಅದೇ ಕೆಲಸಕ್ಕೆ ಸಂಬಳ ತಗೊಂಡರೆ ತೆರಿಗೆ, ಗುತ್ತಿಗೆದಾರ ಎಂದು ಬಿಲ್ ಕೊಟ್ಟರೆ ತೆರಿಗೆ ಇಲ್ಲ. ಸಹಜವಾಗಿ ಹೊಸ ವ್ಯಾಪಾರಕ್ಕಿಂತ ಹೊಸ ಹಣೆಪಟ್ಟಿಗಳು ಹೆಚ್ಚಾದವು.

ಖರ್ಚು ಇಳಿಸುವ ಯೋಜನೆ ಕಡಿತದ ಜೊತೆ ಇರಲಿಲ್ಲ. ರಸ್ತೆ ನಿಧಿಯಿಂದ ಹಣ ಎತ್ತಿದರು, 2015ರಲ್ಲಿ ಮಾರಾಟ ತೆರಿಗೆಯನ್ನು 6.5%ಕ್ಕೆ ಏರಿಸಿದರು. 2017ರ ಜೂನ್‌ನಲ್ಲಿ ಅವರದೇ ಪಕ್ಷದ ಬಹುಮತವಿದ್ದ ಶಾಸನಸಭೆ ಗವರ್ನರ್ ವೀಟೊ ಮೀರಿ ಕಡಿತ ವಾಪಸು ಪಡೆಯಿತು.

ಇದರಿಂದ ದರ ಇಳಿಕೆಯೇ ತಪ್ಪು ಎಂದು ತೀರ್ಮಾನಿಸಲಾಗದು. ಒಂದೇ ದುಡಿಮೆಗೆ ಎರಡು ದರ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ಮಾತ್ರ ಇದು ಪಕ್ಕಾ ಸಾಕ್ಷಿ.

ಮಿತಭಾಷಿ:
ಹಾಸಿಗೆ ಇದ್ದಷ್ಟು ಕಾಲು ಚಾಚು. ಖರ್ಚು ಇಳಿಸದೆ ತೆರಿಗೆ ಇಳಿಸಿದರೆ ಅದು ಸಾಲ, ಕಡಿತ ಅಲ್ಲ.

ಬೊಕ್ಕಸಲೆಕ್ಕ:
ಮಿತಭಾಷಿಯವರ ಈ ಸಾಲು ಮುಕ್ತ ಮಾರುಕಟ್ಟೆ ವಾದದ ಒಳಗಿನಿಂದಲೇ ಬಂದದ್ದು. ಸರ್ಕಾರ ಖರ್ಚು ಮಾಡುವುದೆಲ್ಲವೂ ಇವತ್ತಿನ ತೆರಿಗೆ, ನಾಳೆಯ ತೆರಿಗೆ ಅಥವಾ ಹಣದುಬ್ಬರ, ಈ ಮೂರರಲ್ಲಿ ಒಂದಾಗಿ ಜನರಿಂದಲೇ ಬರುತ್ತದೆ. ಹಾಗಾಗಿ ನಿಜವಾದ ತೆರಿಗೆ ಭಾರ ಅಳೆಯಬೇಕೆಂದರೆ ಒಟ್ಟು ಖರ್ಚನ್ನು ನೋಡಬೇಕು, ದರದ ಪಟ್ಟಿಯನ್ನಲ್ಲ. ಫ್ರೀಡ್‌ಮನ್ ಜೀವನಪೂರ್ತಿ ಹೇಳಿದ್ದು ಇದನ್ನೇ. ಅವರ ಹೆಸರು ಹೇಳಿಕೊಂಡು ಕೊರತೆ ಬಜೆಟ್ ಮಂಡಿಸುವವರು ಅರ್ಧ ಮಾತ್ರ ಓದಿಕೊಂಡಿದ್ದಾರೆ.

ಬ್ರಿಟನ್ನಿನ 2022 ನೆನಪಿಸಿಕೊಳ್ಳಿ. ಸೆಪ್ಟೆಂಬರ್ 23ರಂದು ಸುಮಾರು 4,500 ಕೋಟಿ ಪೌಂಡಿನ ತೆರಿಗೆ ಕಡಿತ ಘೋಷಣೆ. ಖರ್ಚು ಕಡಿತದ ಪಟ್ಟಿ ಇಲ್ಲ. ಸ್ವತಂತ್ರ ಬಜೆಟ್ ಸಂಸ್ಥೆಯ ಮುನ್ನಂದಾಜನ್ನೂ ಪ್ರಕಟಿಸಲಿಲ್ಲ. ಮೂರು ದಿನದಲ್ಲಿ ಪೌಂಡು ಡಾಲರ್ ಎದುರು ದಾಖಲೆಯ ಕೆಳಮಟ್ಟಕ್ಕೆ ಕುಸಿಯಿತು. 30 ವರ್ಷದ ಸರ್ಕಾರಿ ಬಾಂಡಿನ ಬಡ್ಡಿ 5%ಕ್ಕೆ ಜಿಗಿಯಿತು. ಸಾಲದ ಆಸರೆಯಲ್ಲಿ ಬಾಂಡು ಹಿಡಿದಿದ್ದ ಪಿಂಚಣಿ ನಿಧಿಗಳಿಗೆ ಹೆಚ್ಚುವರಿ ಜಾಮೀನು ಕಟ್ಟಲು ಕರೆ ಬಂತು, ಹಣಕ್ಕಾಗಿ ಅವು ಬಾಂಡನ್ನೇ ಮಾರತೊಡಗಿದವು, ಬೆಲೆ ಇನ್ನಷ್ಟು ಬಿತ್ತು. 28ರಂದು ಅಲ್ಲಿನ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಇಂಗ್ಲೆಂಡ್ ಮಧ್ಯೆ ಬರಬೇಕಾಯಿತು. ಅಕ್ಟೋಬರ್ 20ಕ್ಕೆ ಪ್ರಧಾನಿ ಲಿಜ್ ಟ್ರಸ್ ರಾಜೀನಾಮೆ ಘೋಷಿಸಿದರು. ಈ ಎಲ್ಲದರ ನಡುವೆ ಆದಾಯ ತೆರಿಗೆಯ ಗರಿಷ್ಠ 45% ದರ ತೆಗೆಯುವುದು ಬೆಳವಣಿಗೆಗೆ ಒಳ್ಳೆಯದೇ ಎಂಬ ಪ್ರಶ್ನೆ ಪರೀಕ್ಷೆಗೆ ಬರಲೇ ಇಲ್ಲ. ಅದಕ್ಕೆ ಮೊದಲೇ ಸಾಲ ಕೊಡುವವರು ಬಾಗಿಲು ಹಾಕಿದ್ದರು.

ಸಮಪಾಲು:
ಸಾಲದ ಮಾರುಕಟ್ಟೆಯೂ ಮುಕ್ತ ಮಾರುಕಟ್ಟೆಯೇ. ಅದು ತನ್ನ ತೀರ್ಪು ಕೊಟ್ಟಿತು.

ಮುಕ್ತಪೇಟೆ:
ತೀರ್ಪು ಕೊಟ್ಟದ್ದು ಕೊರತೆಯ ಬಗ್ಗೆ. ಅದಕ್ಕೆ ನನ್ನ ತಕರಾರೂ ಇಲ್ಲ. ಆಗ ಬಾಂಡ್ ಬಡ್ಡಿ ಎಲ್ಲಾ ಕಡೆ ಏರುತ್ತಿತ್ತು, ಅದೇ ವಾರ ಇಂಧನ ಸಬ್ಸಿಡಿಯ ದೊಡ್ಡ ಹೊರೆಯೂ ಬಜೆಟ್ಟಿನ ಮೇಲಿತ್ತು ಎಂಬುದನ್ನೂ ಹೇಳಿ.

ಹೊಸಹಾಳೆ:
ಬಹಳ ಉಪಯೋಗ ಆಗ್ತಿದೆ. ಸರ್ಕಾರದ ಗಾತ್ರದ ಬಗ್ಗೆ? ಡೆನ್ಮಾರ್ಕಿನಲ್ಲಿ ಜಿಡಿಪಿಯ 40%ಕ್ಕೂ ಹೆಚ್ಚು ತೆರಿಗೆಗೆ ಹೋಗುತ್ತದೆ, ದೇಶ ಶ್ರೀಮಂತವಾಗಿಯೇ ಇದೆ. ಚಿಕ್ಕ ಸರ್ಕಾರದ ವಾದ ಇಲ್ಲಿಗೇ ಮುಗಿಯಿತಲ್ವಾ?

ಗಡಿಯಾಚೆ:
ಮುಗಿಯಲಿಲ್ಲ, ಆದರೆ ಅದರ ರೂಪ ಬದಲಾಗುತ್ತದೆ. ಡೆನ್ಮಾರ್ಕಿನಲ್ಲಿ ಕಾನೂನು ನಿಗದಿ ಮಾಡಿದ ಕನಿಷ್ಠ ವೇತನ ಇಲ್ಲ, ಅದು ಸಂಘಗಳ ಒಪ್ಪಂದಕ್ಕೆ ಬಿಟ್ಟದ್ದು. ಕೆಲಸದಿಂದ ತೆಗೆಯುವುದು ಯುರೋಪಿನ ಬಹುತೇಕ ದೇಶಗಳಿಗಿಂತ ಸುಲಭ. ವ್ಯಾಪಾರ ಮುಕ್ತ. ಬಳಕೆ ತೆರಿಗೆ 25%, ಬಹುಪಾಲು ಎಲ್ಲದಕ್ಕೂ ಒಂದೇ ದರ. ಅಂದರೆ ಖರ್ಚಿನಲ್ಲಿ ದೊಡ್ಡ ಸರ್ಕಾರ, ನಿಯಂತ್ರಣದಲ್ಲಿ ಸಣ್ಣ ಸರ್ಕಾರ. ಅಲ್ಲಿ ಮಧ್ಯಮ ವರ್ಗವೇ ಭಾರೀ ತೆರಿಗೆ ಕಟ್ಟುತ್ತದೆ. ಆ ಸೌಲಭ್ಯ ಬೇಕು, ತೆರಿಗೆ ಮಾತ್ರ ಶ್ರೀಮಂತರು ಕಟ್ಟಲಿ ಅನ್ನುವುದಕ್ಕೆ ಡೆನ್ಮಾರ್ಕ್ ಉದಾಹರಣೆ ಆಗಲ್ಲ.

ಸ್ವೀಡನ್ ಇನ್ನೂ ಚೆನ್ನಾಗಿ ಪಾಠ ಹೇಳುತ್ತದೆ. 1976ರಲ್ಲಿ ಹೆಸರಾಂತ ಮಕ್ಕಳ ಲೇಖಕಿಯೊಬ್ಬರಿಗೆ ಮಾರ್ಜಿನಲ್ ದರ 102% ಬಂದಿತ್ತು. ಸ್ವಂತ ಉದ್ಯೋಗದವರು ಆದಾಯ ತೆರಿಗೆಯ ಜೊತೆಗೆ ಮಾಲೀಕರ ವಂತಿಗೆಯನ್ನೂ ಕಟ್ಟಬೇಕಿದ್ದದ್ದು ಕಾರಣ. 1991ರಲ್ಲಿ ದೊಡ್ಡ ತೆರಿಗೆ ಸುಧಾರಣೆ ಬಂತು: ದರ ಇಳಿಕೆ, ವಿನಾಯಿತಿಗಳ ರದ್ದತಿ, ಬಂಡವಾಳದ ಆದಾಯಕ್ಕೆ ಪ್ರತ್ಯೇಕ 30%. ಆದರೂ 1990ರ ದಶಕದ ಆರಂಭದಲ್ಲಿ ಬ್ಯಾಂಕುಗಳು ಕುಸಿದವು. 1992ರಲ್ಲಿ ಕೇಂದ್ರ ಬ್ಯಾಂಕು ಕರೆನ್ಸಿ ಉಳಿಸಿಕೊಳ್ಳಲು ಬಡ್ಡಿಯನ್ನು 500%ಕ್ಕೆ ಏರಿಸಿತು. 1993ರಲ್ಲಿ ಸರ್ಕಾರಿ ಖರ್ಚು ಜಿಡಿಪಿಯ 70%ದ ಹತ್ತಿರ ಹೋಗಿತ್ತು. ಅಲ್ಲಿಂದ ಖರ್ಚಿಗೆ ಮಿತಿ, ಪಿಂಚಣಿ ಸುಧಾರಣೆ, 2000ದ ದಶಕದಲ್ಲಿ ಪಿತ್ರಾರ್ಜಿತ ಆಸ್ತಿ ತೆರಿಗೆ ರದ್ದು, 2007ರಲ್ಲಿ ಸಂಪತ್ತಿನ ತೆರಿಗೆ ರದ್ದು. ಈಗ ಖರ್ಚು ಸುಮಾರು 50%. ಇವತ್ತಿನ ಸ್ವೀಡನ್ ತೋರಿಸಿ ದೊಡ್ಡ ಸರ್ಕಾರ ಗೆದ್ದಿತು ಅನ್ನುವವರೂ, ಚಿಕ್ಕ ಸರ್ಕಾರ ಗೆದ್ದಿತು ಅನ್ನುವವರೂ ಈ ದಾರಿಯ ಅರ್ಧವನ್ನು ಬಿಟ್ಟು ಹೇಳುತ್ತಾರೆ.

ತಕ್ಕಡಿ:
ಹಾಂಗ್‌ಕಾಂಗ್, ಸಿಂಗಪುರ ಅನ್ನುವವರಿಗೂ ಇದೇ ಮಾತು. 1961ರಿಂದ 71ರವರೆಗೆ ಹಾಂಗ್‌ಕಾಂಗಿನ ಹಣಕಾಸು ಕಾರ್ಯದರ್ಶಿಯಾಗಿದ್ದ ಕೌಪರ್ತ್‌ವೇಟ್ ದರಗಳನ್ನು ಕಡಿಮೆ ಇಟ್ಟರು, ಸುಂಕ ಹಾಕಲಿಲ್ಲ, ಜಿಡಿಪಿ ಅಂಕಿ ಸಂಗ್ರಹಿಸಲೂ ಒಪ್ಪಲಿಲ್ಲ. ಸರಿ. ಆದರೆ ಅಲ್ಲಿನ ನೆಲ ಹೆಚ್ಚುಕಡಿಮೆ ಪೂರ್ತಿ ಸರ್ಕಾರದ್ದು, ಗುತ್ತಿಗೆಗೆ ಕೊಡುವುದು. ಭೂಮಿಯನ್ನು ಸ್ವಲ್ಪಸ್ವಲ್ಪವೇ ಬಿಡುಗಡೆ ಮಾಡಿ ಬಂದ ಹಣ ತೆರಿಗೆಯ ಜಾಗ ತುಂಬಿತು. ಆ ಭಾರ ಜನರ ಬಾಡಿಗೆಯಲ್ಲಿ ಕೂತಿದೆ, ತೆರಿಗೆಯ ಅಂಕಿಯಲ್ಲಿ ಕಾಣಲ್ಲ. 40%ಕ್ಕಿಂತ ಹೆಚ್ಚು ಜನ ಸರ್ಕಾರಿ ನೆರವಿನ ಮನೆಗಳಲ್ಲಿದ್ದಾರೆ.

ಸಿಂಗಪುರದಲ್ಲಿ 55 ದಾಟದ ನೌಕರರ ಸಂಬಳದಿಂದ 20%, ಮಾಲೀಕರಿಂದ 17%, ಒಟ್ಟು 37% ಕಡ್ಡಾಯ ಉಳಿತಾಯಕ್ಕೆ ಹೋಗುತ್ತದೆ, ಸಂಬಳದ ಒಂದು ಮಿತಿಯವರೆಗೆ. ಅದು ಅವರವರ ಖಾತೆಗೇ ಜಮೆ ಆಗುವುದರಿಂದ ತೆರಿಗೆ ಅಂತ ಎಣಿಸುವುದಿಲ್ಲ. ಬೇರೆ ದೇಶದ ಪಿಂಚಣಿ ವಂತಿಗೆಯನ್ನು ಮಾತ್ರ ತೆರಿಗೆ ಅಂತ ಎಣಿಸುತ್ತಾರೆ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡುವ ಮುನ್ನ ಇದನ್ನು ಸರಿಪಡಿಸಿಕೊಳ್ಳಿ.

ಮುಕ್ತಪೇಟೆ:
ತಕ್ಕಡಿಯವರೇ, ಅಲ್ಲಿ ಮುಖ್ಯ ವ್ಯತ್ಯಾಸ ಇದೆ. ಖಾತೆಯಲ್ಲಿ ನನ್ನ ಹೆಸರಿನಲ್ಲಿ ಉಳಿಯುವ ಹಣಕ್ಕೂ ಸಾಮಾನ್ಯ ಬೊಕ್ಕಸಕ್ಕೆ ಹೋಗುವ ಹಣಕ್ಕೂ ದುಡಿಮೆಯ ಮೇಲೆ ಒಂದೇ ಪರಿಣಾಮ ಅಲ್ಲ. ಹೆಚ್ಚು ದುಡಿದರೆ ಹೆಚ್ಚು ನನ್ನದಾಗುತ್ತದೆ. ಅದನ್ನು ತೆರಿಗೆ ಅಂತ ಎಣಿಸದಿರುವುದೇ ಸರಿ.

ತಕ್ಕಡಿ:
ಭಾಗಶಃ ಸರಿ. ಬೇಕಾದಾಗ ತೆಗೆಯಲಾಗದ, ತಾನೇ ಆರಿಸದ ಬಡ್ಡಿಗೆ ಕೂಡಿಡುವ ಹಣ ಸ್ವಲ್ಪವಾದರೂ ತೆರಿಗೆಯಂತೆ ಕೆಲಸ ಮಾಡುತ್ತದೆ. ಸೊನ್ನೆ ಅನ್ನಬೇಡಿ, ನಾನು 37 ಅನ್ನುವುದಿಲ್ಲ.

ಕೂಡುಕಳೆ:
ಗಾತ್ರ ಮತ್ತು ಬೆಳವಣಿಗೆಯ ಗ್ರಾಫ್ ಹಾಕುವವರು ಬೀಳುವ ಮೂರು ಗುಂಡಿಗಳನ್ನು ಬರೆಯುತ್ತೇನೆ, ಟಿಪ್ಪಣಿಗೆ ಬೇಕಾಗಬಹುದು. ಆರ್ಥಿಕ ಹಿಂಜರಿತ ಬಂದಾಗ ಜಿಡಿಪಿ ಕುಸಿಯುತ್ತದೆ, ನಿರುದ್ಯೋಗ ಭತ್ಯೆ ಏರುತ್ತದೆ. ಖರ್ಚು ಮತ್ತು ಜಿಡಿಪಿಯ ಅನುಪಾತ ತಾನಾಗಿ ಮೇಲೇರುತ್ತದೆ. ಇದನ್ನು ನೋಡಿ ದೊಡ್ಡ ಸರ್ಕಾರದಿಂದ ಬೆಳವಣಿಗೆ ಕುಸಿಯಿತು ಅಂದರೆ ಕಾರಣ ಪರಿಣಾಮ ತಿರುಗುಮುರುಗು. ಹಾಗೆಯೇ ದೇಶ ಶ್ರೀಮಂತವಾದಂತೆ ಜನ ಹೆಚ್ಚು ಸಾರ್ವಜನಿಕ ಸೇವೆ ಕೇಳುತ್ತಾರೆ, 19ನೇ ಶತಮಾನದಲ್ಲೇ ಜರ್ಮನ್ ಅರ್ಥಶಾಸ್ತ್ರಜ್ಞ ವ್ಯಾಗ್ನರ್ ಇದನ್ನು ಗುರುತಿಸಿದ್ದ. ಹಾಗಾಗಿ ಶ್ರೀಮಂತ ದೇಶಕ್ಕೆ ದೊಡ್ಡ ಸರ್ಕಾರ ಇದೆ ಅನ್ನುವುದು ದೊಡ್ಡ ಸರ್ಕಾರ ಶ್ರೀಮಂತ ಮಾಡಿತು ಅನ್ನುವುದಕ್ಕೆ ಪುರಾವೆ ಆಗದು. ಇನ್ನು ಸರ್ಕಾರಿ ಸೇವೆಗೆ ಮಾರುಕಟ್ಟೆ ಬೆಲೆ ಇಲ್ಲದ್ದರಿಂದ ಜಿಡಿಪಿಯಲ್ಲಿ ಅದನ್ನು ತಗುಲಿದ ವೆಚ್ಚದ ಲೆಕ್ಕದಲ್ಲೇ ಸೇರಿಸುತ್ತಾರೆ. ಕೆಲಸ ಕೆಟ್ಟರೂ ಸಂಬಳ ಕೊಟ್ಟಷ್ಟು ಉತ್ಪಾದನೆ ಬರೆದುಕೊಳ್ಳುತ್ತದೆ.

ಐರ್ಲೆಂಡ್ ಬಗ್ಗೆ ಯಾರಾದರೂ ಹೇಳಿದರೆ ಇನ್ನೂ ಹುಷಾರು. 2015ರಲ್ಲಿ ಅಲ್ಲಿನ ಜಿಡಿಪಿ ಒಂದೇ ವರ್ಷದಲ್ಲಿ ಸುಮಾರು 26% ಏರಿತು. ಬಹುರಾಷ್ಟ್ರೀಯ ಕಂಪನಿಗಳು ಪೇಟೆಂಟುಗಳನ್ನೂ ಇತರ ಆಸ್ತಿಗಳನ್ನೂ ಅಲ್ಲಿನ ಲೆಕ್ಕಕ್ಕೆ ವರ್ಗಾಯಿಸಿದ ಪರಿಣಾಮ ಅದು. ಅಲ್ಲಿನ ಅಂಕಿಅಂಶ ಇಲಾಖೆ ಬೇರೆಯೇ ಒಂದು ತಿದ್ದಿದ ರಾಷ್ಟ್ರೀಯ ಆದಾಯದ ಅಳತೆ ಪ್ರಕಟಿಸುತ್ತದೆ. ಅದನ್ನೇ ಬಳಸಿ.

ಸಮಪಾಲು:
ಹಾಗಾದರೆ ಕಾರಣ ಪರಿಣಾಮ ಬಿಡಿಸಿ ನೋಡಿದ ಅಧ್ಯಯನ ಇದೆಯೇ, ಇಲ್ಲ ಎಲ್ಲವೂ ಊಹೆಯೇ?

ಬೊಕ್ಕಸಲೆಕ್ಕ:
ಇದೆ. ಅರ್ಥಶಾಸ್ತ್ರಜ್ಞರಾದ ಕ್ರಿಸ್ಟಿನಾ ರೋಮರ್ ಮತ್ತು ಡೇವಿಡ್ ರೋಮರ್ 2010ರಲ್ಲಿ ಪ್ರಕಟಿಸಿದ್ದು. ಎರಡನೇ ಮಹಾಯುದ್ಧದ ನಂತರದ ಅಮೆರಿಕದ ತೆರಿಗೆ ಕಾನೂನುಗಳ ಹಿಂದಿನ ಭಾಷಣ, ಸಮಿತಿ ವರದಿಗಳನ್ನು ಓದಿ ಪ್ರತಿ ಬದಲಾವಣೆ ಯಾಕೆ ಬಂತು ಎಂದು ವಿಂಗಡಿಸಿದರು. ಹಿಂಜರಿತಕ್ಕೆ ಉತ್ತರವಾಗಿ ಬಂದವನ್ನು ಬದಿಗಿಟ್ಟು, ಹಳೇ ಕೊರತೆ ತುಂಬಲು ಅಥವಾ ದೀರ್ಘಾವಧಿಯ ನಂಬಿಕೆಯಿಂದ ಬಂದವನ್ನು ಮಾತ್ರ ಇಟ್ಟುಕೊಂಡರು. ಜಿಡಿಪಿಯ 1%ದಷ್ಟು ತೆರಿಗೆ ಏರಿದರೆ ಸುಮಾರು ಮೂರು ವರ್ಷದಲ್ಲಿ ಉತ್ಪಾದನೆ 3%ದ ಹತ್ತಿರ ಕುಸಿಯುತ್ತದೆ ಎಂಬುದು ಫಲಿತಾಂಶ. ಕ್ರಿಸ್ಟಿನಾ ರೋಮರ್ ಒಬಾಮಾ ಸರ್ಕಾರದ ಆರ್ಥಿಕ ಸಲಹೆಗಾರರ ಮಂಡಳಿಯ ಅಧ್ಯಕ್ಷೆ ಆಗಿದ್ದವರು, ಇದನ್ನು ಬಲಪಂಥೀಯರ ಪ್ರಚಾರ ಅಂತ ತಳ್ಳಿಹಾಕಲಾಗದು.

ಯಾವ ತೆರಿಗೆ ಎಂಬುದೂ ಮುಖ್ಯ. ಬಹುಪಾಲು ಶ್ರೀಮಂತ ದೇಶಗಳ ಸಂಘಟನೆಯಾದ ಒಇಸಿಡಿ 2008ರಲ್ಲಿ ಕೊಟ್ಟ ಕ್ರಮ: ಬೆಳವಣಿಗೆಗೆ ಅತಿ ಹೆಚ್ಚು ಏಟು ಕಾರ್ಪೊರೇಟ್ ತೆರಿಗೆಯಿಂದ, ಆಮೇಲೆ ವೈಯಕ್ತಿಕ ಆದಾಯ ತೆರಿಗೆ, ಆಮೇಲೆ ಬಳಕೆ ತೆರಿಗೆ, ಅತಿ ಕಡಿಮೆ ಸ್ಥಿರಾಸ್ತಿಯ ಮೇಲಿನ ವಾರ್ಷಿಕ ತೆರಿಗೆಯಿಂದ. ವಸೂಲಿ ಮೊತ್ತ ಬದಲಾಯಿಸದೆ ಈ ಸಾಲಿನಲ್ಲಿ ಮೇಲಿನದನ್ನು ಇಳಿಸಿ ಕೆಳಗಿನದನ್ನು ಏರಿಸಿದರೂ ಲಾಭ ಇದೆ.

ಮಿತಭಾಷಿ:
ಹೇಳುವುದು ಸುಲಭ. ಮನೆ ಕಂದಾಯ ಏರಿಸಿ ಕಂಪನಿ ತೆರಿಗೆ ಇಳಿಸಿದವರು ಚುನಾವಣೆ ಗೆಲ್ಲಲಿ ನೋಡೋಣ.

ಮುಕ್ತಪೇಟೆ:
ಕಾರ್ಪೊರೇಟ್ ದರಕ್ಕಿಂತ ಸವಕಳಿ ನಿಯಮ, ಅಂದರೆ ಯಂತ್ರದ ಬೆಲೆಯನ್ನು ಲಾಭದಿಂದ ಯಾವಾಗ ಎಷ್ಟು ಕಳೆಯಬಹುದು ಎಂಬುದು, ಮುಖ್ಯ ಅಂತ ಸೇರಿಸಿ. 100ಕ್ಕೆ ಯಂತ್ರ ಕೊಂಡರೆ ಹತ್ತು ವರ್ಷ ತಲಾ 10 ಕಳೆಯಲು ಬಿಡುತ್ತಾರೆ. 8% ಬಡ್ಡಿಯಲ್ಲಿ ಆ ಹತ್ತು ಕಂತಿನ ಇವತ್ತಿನ ಬೆಲೆ 67. ಅಂದರೆ 100 ಖರ್ಚು ಮಾಡಿದವರಿಗೆ 67ಕ್ಕೆ ಮಾತ್ರ ವಿನಾಯಿತಿ. ಹಣದುಬ್ಬರ ಏರಿ ಬಡ್ಡಿ 12% ಆದರೆ 56.5ಕ್ಕೆ ಇಳಿಯುತ್ತದೆ. ಕಾನೂನಿನಲ್ಲಿ ಒಂದು ಅಕ್ಷರ ಬದಲಾಗದೆ ತೆರಿಗೆ ಏರಿತು. ಕೊಂಡ ವರ್ಷವೇ ಪೂರ್ತಿ 100 ಕಳೆಯಲು ಬಿಟ್ಟರೆ ಹೊಸ ಹೂಡಿಕೆಗೆ ಮಾತ್ರ ಲಾಭ ಹೋಗುತ್ತದೆ. ದರ ಇಳಿಸಿದರೆ ಹಿಂದೆಂದೋ ಕಟ್ಟಿದ ಕಾರ್ಖಾನೆಯ ಲಾಭಕ್ಕೂ ಬಳುವಳಿ ಹೋಗುತ್ತದೆ, ಅದರಿಂದ ಹೊಸ ಉತ್ಪಾದನೆ ಏನೂ ಬರಲ್ಲ.

ತಕ್ಕಡಿ:
ಒಂದು ಷರತ್ತು: ಪೂರ್ತಿ ಕಳೆಯಲು ಬಿಟ್ಟ ಮೇಲೆ ಸಾಲದ ಬಡ್ಡಿಯ ವಿನಾಯಿತಿ ತೆಗೆಯಬೇಕು. ಎರಡೂ ಇದ್ದರೆ ಸಾಲ ತಂದು ಮಾಡುವ ಹೂಡಿಕೆಗೆ ತೆರಿಗೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ, ಅಂದರೆ ಸಬ್ಸಿಡಿ. ತೆರಿಗೆಗೆ ಮುನ್ನ ನಷ್ಟದ ಯೋಜನೆ ತೆರಿಗೆ ಆದಮೇಲೆ ಲಾಭದ್ದಾಗಿ ಕಾಣುತ್ತದೆ.

ಸಮಪಾಲು:
ಈ ಷರತ್ತಿನ ಜೊತೆಗಾದರೆ ನಾನೂ ಒಪ್ಪುತ್ತೇನೆ. ಹಣದುಬ್ಬರದ ಏಟು ಠೇವಣಿ ಇಟ್ಟವರಿಗೂ ಬೀಳುತ್ತದೆ. ಬಡ್ಡಿ 8, ಹಣದುಬ್ಬರ 6, ನಿಜವಾದ ಗಳಿಕೆ 2. ತೆರಿಗೆ 30% ಪೂರ್ತಿ 8ರ ಮೇಲೆ, ಅಂದರೆ 2.4. ನಿಜ ಗಳಿಕೆಯ ಮೇಲೆ 120%. ಇದನ್ನು ಕಟ್ಟುವುದು ಬಹುಪಾಲು ಸಣ್ಣ ಉಳಿತಾಯಗಾರರು. ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡಂತೆ, ಇವರ ಮಾತು ಯಾವ ಬಜೆಟ್ಟಿಗೂ ಕೇಳಿಸಲ್ಲ.

ಹೊಸಹಾಳೆ:
ಎಸ್ಟೋನಿಯಾ ಬಗ್ಗೆ ಯಾರೂ ಹೇಳಲಿಲ್ಲ.

ಗಡಿಯಾಚೆ:
1994ರಲ್ಲಿ ಎಲ್ಲರಿಗೂ ಒಂದೇ 26%. ಹೆಚ್ಚು ಮುಖ್ಯವಾದದ್ದು 2000ದ ಬದಲಾವಣೆ: ಕಂಪನಿ ಲಾಭವನ್ನು ಹಂಚಿದಾಗ ಮಾತ್ರ ತೆರಿಗೆ, ಒಳಗೇ ಮರುಹೂಡಿಕೆ ಮಾಡಿದರೆ ಇಲ್ಲ. ಸವಕಳಿ ಪಟ್ಟಿಯ ಜಂಜಾಟವೇ ಇಲ್ಲ. ತೊಂದರೆ ಏನೆಂದರೆ ಲಾಭವನ್ನು ಮಾಲೀಕರು ವೈಯಕ್ತಿಕ ಖರ್ಚಿಗೆ, ಸಾಲದ ರೂಪದಲ್ಲಿ ಹೊರತೆಗೆಯದಂತೆ ಕಾವಲು ಬೇಕು. ಆದ್ದರಿಂದ ವ್ಯಾಪಾರಕ್ಕೆ ಸಂಬಂಧಿಸದ ಖರ್ಚು, ಉಡುಗೊರೆಗಳಿಗೂ ಹಂಚಿಕೆಯಂತೆಯೇ ತೆರಿಗೆ ಹಾಕುತ್ತಾರೆ. ಬೆಳವಣಿಗೆ ಪೂರ್ತಿ ಇದರಿಂದ ಬಂತು ಅನ್ನಬೇಡಿ. ಸೋವಿಯತ್ ವ್ಯವಸ್ಥೆಯಿಂದ ಹೊರಬಂದದ್ದು, ಸುಂಕ ತೆಗೆದದ್ದು, 2004ರಲ್ಲಿ ಯುರೋಪಿಯನ್ ಒಕ್ಕೂಟ ಸೇರಿದ್ದು ಎಲ್ಲವೂ ಅದೇ ಹೊತ್ತಿನವು.

ಕೂಡುಕಳೆ:
ಇನ್ನೊಂದು ಪದೇ ಪದೇ ಮರೆಯುವ ಲೆಕ್ಕ. ಸುಧಾರಣೆಯಿಂದ ಜಿಡಿಪಿಯ ಮಟ್ಟ ಹತ್ತು ವರ್ಷದಲ್ಲಿ 3% ಮೇಲೇರಿತು ಅಂದರೆ ವರ್ಷಕ್ಕೆ ಸುಮಾರು 0.3 ಅಂಕ ಹೆಚ್ಚಿನ ಬೆಳವಣಿಗೆ. ಹನ್ನೊಂದನೇ ವರ್ಷ ಬೆಳವಣಿಗೆ ಹಳೇ ವೇಗಕ್ಕೆ ಮರಳುತ್ತದೆ, ಏರಿದ ಮಟ್ಟ ಉಳಿಯುತ್ತದೆ. ಇದು ದೊಡ್ಡ ಲಾಭವೇ. ಆದರೆ ಇದನ್ನು ಶಾಶ್ವತವಾಗಿ ವೇಗ ಏರುತ್ತದೆ ಅಂತ ಮಾರಿದರೆ ಐದು ವರ್ಷದಲ್ಲಿ ಬಣ್ಣ ಬಯಲಾಗುತ್ತದೆ, ಒಳ್ಳೆಯ ಸುಧಾರಣೆಗೂ ಕೆಟ್ಟ ಹೆಸರು.

ಬೊಕ್ಕಸಲೆಕ್ಕ:
ಹೊಸಹಾಳೆ ಅವರಿಗೆ ಪರೀಕ್ಷೆಯ ದಾರಿ: ಘೋಷಣೆ ಬಂದ ದಿನ ಮೊದಲು ಖರ್ಚಿನ ಪುಟ ತೆರೆಯಿರಿ. ಮುಂದಿನ ಐದು ವರ್ಷದ ಖರ್ಚು ಇಳಿದಿಲ್ಲ ಅಂದರೆ ಅದು ಮುಂದೂಡಿದ ತೆರಿಗೆ. ಇಳಿದಿದ್ದರೆ ಯಾವುದರಲ್ಲಿ ಅಂತ ನೋಡಿ. ರಸ್ತೆ, ನ್ಯಾಯಾಲಯ ಕಡಿದು ಸಬ್ಸಿಡಿ ಉಳಿಸಿದ್ದರೆ ಬೆಳವಣಿಗೆ ಬರಲ್ಲ. ಆಮೇಲೆ ಮೂರು ಮಾದರಿ ಆದಾಯ ತೆಗೆದುಕೊಳ್ಳಿ, ಕೆಳಗಿನದು, ನಡುವಿನದು, ಮೇಲಿನದು. ಪ್ರತಿಯೊಂದಕ್ಕೂ 100 ಸೇರಿಸಿ ಹಳೇ ನಿಯಮದಲ್ಲಿ ಎಷ್ಟು ಉಳಿಯುತ್ತಿತ್ತು, ಹೊಸದರಲ್ಲಿ ಎಷ್ಟು ಎಂದು ಕಳೆಯಿರಿ, ಸಹಾಯಧನದ ಕಡಿತವನ್ನೂ ಸೇರಿಸಿ. ಕೊನೆಗೆ ಒಂದೇ ಕೆಲಸಕ್ಕೆ ಎರಡು ದರ ಎಲ್ಲಾದರೂ ಹುಟ್ಟಿದೆಯೇ ಹುಡುಕಿ.

ಮುಕ್ತಪೇಟೆ:
ಖರ್ಚಿಗೆ ಬೇಲಿ ಹಾಕಲು ಸ್ವಿಟ್ಜರ್ಲೆಂಡಿನ ಸಾಲ ತಡೆ ನಿಯಮ ಓದಿಕೊಳ್ಳಿ. 2001ರಲ್ಲಿ ಸುಮಾರು 85% ಮತದಾರರು ಒಪ್ಪಿದ್ದು, 2003ರಿಂದ ಜಾರಿ. ಖರ್ಚಿನ ಮಿತಿ = ಆದಾಯ × (ಸಹಜ ಜಿಡಿಪಿ ÷ ಈಗಿನ ಜಿಡಿಪಿ). ಹಿಂಜರಿತದಲ್ಲಿ ಸ್ವಲ್ಪ ಕೊರತೆಗೆ ಜಾಗ, ಒಳ್ಳೆಯ ಕಾಲದಲ್ಲಿ ಉಳಿತಾಯ ಕಡ್ಡಾಯ. ಮಿತಿ ಮೀರಿದ್ದು ಪ್ರತ್ಯೇಕ ಖಾತೆಯಲ್ಲಿ ದಾಖಲಾಗಿ ಮುಂದಿನ ವರ್ಷಗಳಲ್ಲಿ ತೀರಿಸಲೇಬೇಕು.

ಸಮಪಾಲು:
ಆ ಸೂತ್ರದಲ್ಲಿ ಸಹಜ ಜಿಡಿಪಿ ಯಾರು ಲೆಕ್ಕ ಹಾಕುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅದನ್ನು ಉಬ್ಬಿಸಿದರೆ ಬೇಲಿ ಸಡಿಲ. ಹೂಡಿಕೆಯ ಖರ್ಚನ್ನೂ ದಿನಬಳಕೆ ಖರ್ಚನ್ನೂ ಒಂದೇ ಮಿತಿಯೊಳಗೆ ಹಾಕುವುದರಿಂದ ಕಷ್ಟದ ವರ್ಷದಲ್ಲಿ ಮೊದಲು ಕತ್ತರಿ ಬೀಳುವುದು ರಸ್ತೆ, ಸೇತುವೆಗೆ. ಇದರ ಬಗ್ಗೆ ಏನು ಹೇಳ್ತೀರಿ?

ಮುಕ್ತಪೇಟೆ:
ಸಹಜ ಜಿಡಿಪಿಯನ್ನು ಮಂತ್ರಿಗಳು ಊಹಿಸುವುದಿಲ್ಲ, ಗೊತ್ತುಪಡಿಸಿದ ಸಂಖ್ಯಾಶಾಸ್ತ್ರದ ವಿಧಾನದಲ್ಲಿ ಹಳೇ ಅಂಕಿಗಳಿಂದ ತೆಗೆಯುತ್ತಾರೆ. ಹೂಡಿಕೆಯನ್ನು ಬೇಲಿಯ ಹೊರಗಿಟ್ಟರೆ ಎಲ್ಲ ಖರ್ಚಿಗೂ ಹೂಡಿಕೆ ಅಂತ ಹೆಸರಿಡುತ್ತಾರೆ, ಕ್ಯಾನ್ಸಸ್‌ನಲ್ಲಿ ಸಂಬಳಕ್ಕೆ ವ್ಯಾಪಾರ ಅಂತ ಹೆಸರಿಟ್ಟ ಹಾಗೆ.

ತಕ್ಕಡಿ:
ಅದಕ್ಕೆ ಹೊಸ ಎಳೆ ತೆರೆಯಿರಿ, ಇಬ್ಬರೂ ಬನ್ನಿ. ಹೂಡಿಕೆಗೆ ಪ್ರತ್ಯೇಕ ಮಿತಿ ಇಟ್ಟ ದೇಶಗಳ ಲೆಕ್ಕ ನಾನು ತರುತ್ತೇನೆ.